ಜಯನಗರದಲ್ಲಿ ಮನೆ ಕೊಳ್ಳುವುದು: ಬೆಲೆಗೂ ಮೊದಲು ಕೇಳಬೇಕಾದ ಪ್ರಶ್ನೆಗಳು

ವೈಟ್‌ಫೀಲ್ಡ್ ಅಥವಾ ಸರ್ಜಾಪುರ ರಸ್ತೆಯಲ್ಲಿ ಫ್ಲ್ಯಾಟ್ ನೋಡಲು ಹೋದರೆ ಹವಾನಿಯಂತ್ರಿತ ಮಾರಾಟ ಕಚೇರಿ, ಬಣ್ಣದ ಕರಪತ್ರ, ಮಾದರಿ ಮನೆ ಎಲ್ಲವೂ ಸಿದ್ಧವಿರುತ್ತವೆ. ಬೆಲೆ ಹಾಳೆಯ ಮೇಲೆ ಅಚ್ಚಾಗಿರುತ್ತದೆ. ಜಯನಗರದಲ್ಲಿ ಹಾಗಿಲ್ಲ. ಇಲ್ಲಿ ಕಾಫಿ ತಂದುಕೊಡುವವರು ಮನೆಯ ಯಜಮಾನಿಯೇ. ಲೋಟ ಕೆಳಗಿಡುವಷ್ಟರಲ್ಲಿ "ನೀವು ಯಾವ ಕಡೆಯವರು?", "ಮಕ್ಕಳೆಷ್ಟು?", "ಮನೆ ಹಾಗೇ ಇಟ್ಟುಕೊಳ್ಳುತ್ತೀರೋ, ಒಡೆಯುತ್ತೀರೋ?" ಎಂಬ ಪ್ರಶ್ನೆಗಳು ಬಂದಿರುತ್ತವೆ. ಬೆಲೆಯ ಮಾತು ಆಮೇಲೆ. ಅದೂ ಅಮೆರಿಕದಲ್ಲಿರುವ ಮಗನನ್ನು ಕೇಳಿದ ಮೇಲೆ.

ಈ ಬಡಾವಣೆಯ ಮಾರುಕಟ್ಟೆಯನ್ನು ನಡೆಸುವುದು ಬಿಲ್ಡರ್‌ಗಳಿಗಿಂತ ಹೆಚ್ಚಾಗಿ ಕುಟುಂಬಗಳು. ಬೆಲೆ ಇಳಿಯದಿರುವುದು, ವ್ಯವಹಾರ ತಿಂಗಳುಗಟ್ಟಲೆ ಎಳೆಯುವುದು, ಕಾಗದದಲ್ಲಿ ತೊಡಕು ಕಾಣಿಸಿಕೊಳ್ಳುವುದು, ಎಲ್ಲದರ ಬೇರೂ ಅಲ್ಲಿಯೇ ಇದೆ. ಆದ್ದರಿಂದ "ಚದರಡಿಗೆ ಎಷ್ಟು?" ಎಂದು ಕೇಳುವ ಮೊದಲು "ಕ್ರಯಪತ್ರಕ್ಕೆ ಎಷ್ಟು ಜನ ಸಹಿ ಹಾಕಬೇಕು?" ಎಂದು ಕೇಳಿ. ಈ ಲೇಖನವೂ ಅದೇ ಕ್ರಮದಲ್ಲಿ ಸಾಗುತ್ತದೆ: ಮೊದಲು ಜನ, ನಂತರ ಬೀದಿ, ಅದರ ನಂತರ ಲೆಕ್ಕ ಮತ್ತು ಕಾಗದ.

ಹೆಜ್ಜೆ 1: ಇಲ್ಲಿರುವವರು ಯಾರು ಎಂದು ತಿಳಿದುಕೊಳ್ಳಿ

ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರ ಆಗಸ್ಟ್‌ನಲ್ಲಿ. ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿ ಅವರು ಇಂದಿನ ಅಶೋಕ ಪಿಲ್ಲರ್ ಬಳಿ ಅದನ್ನು ನೆರವೇರಿಸಿದರು. ಹೆಸರು ಬಂದದ್ದು ಜಯಚಾಮರಾಜೇಂದ್ರ ಒಡೆಯರ್ ಅವರಿಂದ. ಬಡಾವಣೆಯನ್ನು ಬೆಳೆಸಿದ್ದು 1945ರಲ್ಲಿ ಸ್ಥಾಪನೆಯಾದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್. 1976ರಲ್ಲಿ ಅದರ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂತು. ನೇರವಾದ ಮುಖ್ಯರಸ್ತೆಗಳು, ಅವುಗಳನ್ನು ಅಡ್ಡ ಕತ್ತರಿಸುವ ಅಡ್ಡರಸ್ತೆಗಳು, ಬ್ಲಾಕಿಗೊಂದಾದರೂ ಉದ್ಯಾನ, ಮೈದಾನ, ಮಾರುಕಟ್ಟೆಗೆ ಮೀಸಲಿಟ್ಟ ಜಾಗ: ಯೋಜನೆ ಹಾಕಿ ಕಟ್ಟಿದ ಬಡಾವಣೆ ಎಂಬುದು ಇಂದಿಗೂ ನಡೆದು ನೋಡಿದರೆ ಗೊತ್ತಾಗುತ್ತದೆ.

ಮೊದಲ ತಲೆಮಾರಿನ ನಿವಾಸಿಗಳಲ್ಲಿ ಬಹುಪಾಲು ಸಂಬಳದವರು. ಸರ್ಕಾರಿ ನೌಕರರು, ಬ್ಯಾಂಕ್ ಅಧಿಕಾರಿಗಳು, ಕಾಲೇಜು ಮೇಷ್ಟರು, ವಕೀಲರು, ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್‌ನಂಥ ಕಾರ್ಖಾನೆಗಳಲ್ಲಿದ್ದವರು. ನಿವೇಶನ ಹಂಚಿಕೆಯಾಗಿ ಬಂತು. ಸಾಲ ಮಾಡಿ ನೆಲಮಹಡಿ ಕಟ್ಟಿದರು. ಮಗಳ ಮದುವೆ ಮುಗಿದ ಮೇಲೆ ಮೇಲೊಂದು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಟ್ಟರು. ಆಮೇಲೆ ಊರು ಬೆಳೆದು ನೆಲಕ್ಕೆ ಚಿನ್ನದ ಬೆಲೆ ಬಂತು. ಹೀಗಾಗಿ ಇಲ್ಲಿನ ಸಿರಿವಂತಿಕೆಯ ಸ್ವಭಾವವೇ ಬೇರೆ. ಆಸ್ತಿಯ ಲೆಕ್ಕದಲ್ಲಿ ಕೋಟ್ಯಧೀಶರಾದವರು ದಿನದ ಖರ್ಚಿನ ಲೆಕ್ಕದಲ್ಲಿ ಇನ್ನೂ ಪಿಂಚಣಿದಾರರೇ. ಗೇಟಿನ ಮೇಲೆ "ನಿವೃತ್ತ ಮುಖ್ಯ ಇಂಜಿನಿಯರ್" ಎಂಬ ಫಲಕ, ಒಳಗೆ ಮೊಸಾಯಿಕ್ ನೆಲ, ಅಂಗಳದಲ್ಲಿ ತುಳಸಿಕಟ್ಟೆ, ಕಾಂಪೌಂಡಿಗೆ ಒರಗಿದ ತೆಂಗಿನ ಮರ, ಇಪ್ಪತ್ತು ವರ್ಷ ಹಳೆಯದಾದರೂ ಪಳಪಳ ಹೊಳೆಯುವ ಮಾರುತಿ ಕಾರು. ಈ ಮನೆಯ ನಿವೇಶನವೊಂದರ ಬೆಲೆಗೆ ಹೊರವಲಯದಲ್ಲಿ ಹಲವು ಫ್ಲ್ಯಾಟ್ ಬರುತ್ತವೆ ಎಂಬುದು ಅವರಿಗೂ ಗೊತ್ತು.

ಇವರ ಜೊತೆ ಇನ್ನೂ ಹಲವರಿದ್ದಾರೆ. ನಾಲ್ಕನೇ ಬ್ಲಾಕಿನ ಸುತ್ತಮುತ್ತ ಬಟ್ಟೆ, ಆಭರಣ, ಪಾತ್ರೆ ವ್ಯಾಪಾರದ ಕುಟುಂಬಗಳು. ಅವರಲ್ಲಿ ಗುಜರಾತಿ, ಮಾರ್ವಾಡಿ, ತೆಲುಗು ಮಾತನಾಡುವವರೂ ಉಂಟು. ಟಿ ಬ್ಲಾಕ್ ದಾಟಿ ತಿಲಕನಗರದ ಕಡೆ ಹೋದರೆ ತಲೆಮಾರುಗಳಿಂದ ಇರುವ ಮುಸ್ಲಿಂ ಕುಟುಂಬಗಳು, ಸಣ್ಣ ನಿವೇಶನಗಳು, ಹೆಚ್ಚು ಗದ್ದಲ, ಹೆಚ್ಚು ಜೀವಕಳೆ. ಇತ್ತೀಚೆಗೆ ಬಂದವರು ವೈದ್ಯರು, ಸಾಫ್ಟ್‌ವೇರ್‌ನಲ್ಲಿ ಹದಿನೈದು ಇಪ್ಪತ್ತು ವರ್ಷ ದುಡಿದವರು, ವಿದೇಶದಿಂದ ಮರಳಿದವರು. ಎಷ್ಟೋ ಬಾರಿ ಈ ಹೊಸಬರು ಇಲ್ಲೇ ಹುಟ್ಟಿ ಬೆಳೆದು, ಒಮ್ಮೆ ದೂರ ಹೋಗಿ, ಅಪ್ಪ ಅಮ್ಮನಿಗೆ ವಯಸ್ಸಾಯಿತೆಂದು ಮತ್ತೆ ಬಂದವರು.

ಇಲ್ಲಿನವರು ಸುಲಭಕ್ಕೆ ಒಮ್ಮತಕ್ಕೆ ಬರುವವರಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ಜಯನಗರ ಕ್ಷೇತ್ರದ ಫಲಿತಾಂಶ ಮರುಎಣಿಕೆಯ ನಂತರ ಬರೀ 16 ಮತಗಳ ಅಂತರದಲ್ಲಿ ತೀರ್ಮಾನವಾಯಿತು. ಪಕ್ಕದ ಮನೆಯವರು ನಿಮ್ಮ ಪರವಾಗಿಯೇ ಇರುತ್ತಾರೆಂದು ಲೆಕ್ಕ ಹಾಕಿಕೊಳ್ಳಬೇಡಿ.

ಮಾರುವವರನ್ನು ಸ್ಥೂಲವಾಗಿ ಮೂರು ಬಗೆಯಾಗಿ ನೋಡಬಹುದು. ಮೊದಲನೆಯವರು ಮೆಟ್ಟಿಲು ಹತ್ತಲಾಗದ ವೃದ್ಧ ದಂಪತಿ. ಅವರಿಗೆ ಇದೇ ಆಸುಪಾಸಿನಲ್ಲಿ ಲಿಫ್ಟ್ ಇರುವ ಫ್ಲ್ಯಾಟ್ ಬೇಕು. ಕೊನೆಯ ಐದು ಲಕ್ಷಕ್ಕಿಂತ ಮಾತಿನ ಖಚಿತತೆ, ಮನೆ ಖಾಲಿ ಮಾಡಲು ಸಾಕಷ್ಟು ಸಮಯ ಅವರಿಗೆ ಮುಖ್ಯ. ಎರಡನೆಯವರು ತಂದೆತಾಯಿ ತೀರಿಕೊಂಡ ಮೇಲೆ ಮಾರಲು ಹೊರಟ ಒಡಹುಟ್ಟಿದವರು. ಅಲ್ಲಿ ಬೆಲೆ ನಿಗದಿ ಮಾಡುವವರು ಅವರಲ್ಲಿ ಅತ್ಯಂತ ಹಟಮಾರಿಯಾದ ಒಬ್ಬರು. ಉಳಿದವರೊಂದಿಗೆ ನೀವು ಎಷ್ಟೇ ಚೌಕಾಸಿ ಮಾಡಿದರೂ ವ್ಯರ್ಥ. ಮೊದಲ ಭೇಟಿಯಲ್ಲೇ ಆ ಒಬ್ಬರು ಯಾರೆಂದು ಕಂಡುಹಿಡಿದು ಅವರೊಂದಿಗೇ ಮಾತು ಆಡಿ. ಮೂರನೆಯವರು ನಿವೇಶನವನ್ನು ಬಿಲ್ಡರ್‌ಗೆ ಜಂಟಿ ಅಭಿವೃದ್ಧಿಗೆ ಕೊಟ್ಟು ತಮ್ಮ ಪಾಲಿಗೆ ಬಂದ ಫ್ಲ್ಯಾಟುಗಳಲ್ಲಿ ಒಂದನ್ನು ಮಾರುವವರು. ಇವರ ಬಳಿ ಜಂಟಿ ಅಭಿವೃದ್ಧಿ ಕರಾರು ಮತ್ತು ಹಂಚಿಕೆ ಪತ್ರ ಎರಡನ್ನೂ ನೋಡದೆ ಮುಂದುವರಿಯಬೇಡಿ. ಯಾವ ಮಹಡಿ ಯಾರದ್ದು ಎಂಬ ಜಗಳ ಅಪರೂಪವೇನಲ್ಲ.

ಹೆಜ್ಜೆ 2: ಬ್ಲಾಕಿನೊಂದಿಗೆ ಬೀದಿಯನ್ನೂ ಆರಿಸಿ

"ಜಯನಗರದಲ್ಲಿ ಮನೆ" ಎಂದರೆ ಏನೂ ಹೇಳಿದಂತಾಗುವುದಿಲ್ಲ. ಲಾಲ್‌ಬಾಗಿನ ಕಡೆಯ ಒಂದನೇ ಬ್ಲಾಕಿಗೂ ರಾಗಿಗುಡ್ಡದ ಆಂಜನೇಯ ದೇವಸ್ಥಾನವಿರುವ ಒಂಬತ್ತನೇ ಬ್ಲಾಕಿಗೂ ಸ್ವಭಾವದಲ್ಲೇ ವ್ಯತ್ಯಾಸವಿದೆ. ನಾಲ್ಕನೇ ಬ್ಲಾಕ್ ಎಂದರೆ ಅಂಗಡಿ, ಹೋಟೆಲು, ಸಂಜೆಯ ಜನಜಂಗುಳಿ. ಏಳನೇ ಬ್ಲಾಕಿನಲ್ಲಿ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿಗಳ ಓಡಾಟ. ಆರನೇ ಬ್ಲಾಕಿನ ಕಡೆ ಯಡಿಯೂರು ಕೆರೆಯ ಸುತ್ತ ಬೆಳಗಿನ ನಡಿಗೆಯ ಭಾಗ್ಯ. ಐದನೇ ಬ್ಲಾಕಿನಲ್ಲಿ ಶಾಲಿನಿ ಮೈದಾನದ ಎದುರಿನ ಮನೆಯಿಂದ ಮೈದಾನ ಕಾಣುತ್ತದೆ. ಅಲ್ಲಿ ಕಾರ್ಯಕ್ರಮವಿರುವ ದಿನ ಧ್ವನಿವರ್ಧಕವೂ ಕೇಳುತ್ತದೆ.

ಸಾರಿಗೆಯ ಲೆಕ್ಕ ಈಚೆಗೆ ಬದಲಾಗಿದೆ. ಮೆಟ್ರೊದ ಹಸಿರು ಮಾರ್ಗದಲ್ಲಿ ಸೌತ್ ಎಂಡ್ ವೃತ್ತ, ಜಯನಗರ, ರಾಷ್ಟ್ರೀಯ ವಿದ್ಯಾಲಯ ರಸ್ತೆ ನಿಲ್ದಾಣಗಳು 2017ರ ಜೂನ್‌ನಿಂದ ಓಡಾಟಕ್ಕೆ ತೆರೆದಿವೆ. 2025ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗ ಆರಂಭವಾಯಿತು. ರಾಗಿಗುಡ್ಡ ಅದರ ಎರಡನೇ ನಿಲ್ದಾಣ. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರು ಹಿಂದೆ ಸಿಲ್ಕ್ ಬೋರ್ಡ್ ವೃತ್ತದ ಹೆಸರು ಕೇಳಿದರೇ ಬೆಚ್ಚುತ್ತಿದ್ದರು. ಈಗ ಅವರಿಗೆ ಒಂಬತ್ತನೇ ಬ್ಲಾಕ್ ಕಣ್ಣಿಗೆ ಬಿದ್ದಿದೆ. ಆ ಭಾಗದಲ್ಲಿ ಬಾಡಿಗೆ ಕೇಳುವವರ ವಯಸ್ಸು ಇಳಿಯುತ್ತಿರುವುದಕ್ಕೆ ಇದೂ ಒಂದು ಕಾರಣ. ತಮಾಷೆಯೆಂದರೆ, 2009ರಲ್ಲಿ ಮೆಟ್ರೊಗಾಗಿ ನಂದಾ ರಸ್ತೆ ಮತ್ತು ಲಕ್ಷ್ಮಣರಾವ್ ಉದ್ಯಾನದ ಮರಗಳಿಗೆ ಕೊಡಲಿ ಬಿದ್ದಾಗ ನಿವಾಸಿಗಳು ಬೀದಿಗಿಳಿದು ಪ್ರತಿಭಟಿಸಿದ್ದರು. ಇಂದು ಅದೇ ಬೀದಿಗಳ ಮನೆ ಜಾಹೀರಾತುಗಳಲ್ಲಿ ಮೊದಲ ಸಾಲು "ಮೆಟ್ರೊಗೆ ನಡಿಗೆಯ ದೂರ".

ಬೀದಿಯನ್ನು ಮೂರು ಹೊತ್ತಿನಲ್ಲಿ ನೋಡಿ: ಬೆಳಗ್ಗೆ ಶಾಲೆಯ ವ್ಯಾನುಗಳು ಬರುವಾಗ, ಸಂಜೆ ಏಳಕ್ಕೆ, ಶನಿವಾರ ರಾತ್ರಿ ಹತ್ತಕ್ಕೆ. ಮನೆಯ ಮುಂದೆ ಯಾರ ಕಾರು ನಿಂತಿದೆ? ಪಕ್ಕದ ಮನೆಯ ನೆಲಮಹಡಿಯಲ್ಲಿ ದಂತವೈದ್ಯರ ಕ್ಲಿನಿಕ್, ಕೋಚಿಂಗ್ ಸೆಂಟರ್, ಪಿ.ಜಿ. ಇದೆಯೇ? ಎದುರಿನ ಹಳೆಯ ಮನೆಗೆ ಹಸಿರು ಪರದೆ ಕಟ್ಟಿದ್ದಾರೆಯೇ? ಕಟ್ಟಿದ್ದರೆ ಮುಂದಿನ ಎರಡು ವರ್ಷ ಧೂಳು, ಕಾಂಕ್ರೀಟ್ ಲಾರಿ, ಬೆಳಗ್ಗೆ ಆರಕ್ಕೇ ಕಬ್ಬಿಣ ಇಳಿಸುವ ಸದ್ದು ಖಚಿತ. ಹನ್ನೊಂದನೇ ಮುಖ್ಯರಸ್ತೆಯಂಥ ಕಡೆ ವಾಣಿಜ್ಯ ಬಳಕೆ ಒಂದೊಂದೇ ಮನೆ ದಾಟಿ ಒಳಬೀದಿಗೂ ಹರಿದಿದೆ. ನೀವು ನೋಡುತ್ತಿರುವ ನಿವೇಶನ ಮಹಾಯೋಜನೆಯ ನಕ್ಷೆಯಲ್ಲಿ ವಸತಿ ಬಳಕೆಗೋ ವಾಣಿಜ್ಯಕ್ಕೋ ಎಂದು ಪ್ರಾಧಿಕಾರದ ಭೂಬಳಕೆ ದಾಖಲೆಯಲ್ಲಿ ನೋಡಿಕೊಳ್ಳಿ. ಶಾಂತಿ ಬೇಕೆಂದು ಬರುವವರಿಗೆ ನನ್ನ ಸಲಹೆ ಇಷ್ಟೇ: ಮುಖ್ಯರಸ್ತೆಯಿಂದ ಕನಿಷ್ಠ ನಾಲ್ಕು ಮನೆ ಒಳಗೆ ಇರಿ, ಮೂಲೆ ನಿವೇಶನದ ಮೋಹ ಬಿಡಿ. ಮೂಲೆ ನಿವೇಶನಕ್ಕೆ ಹೆಚ್ಚು ಬೆಲೆ ಕೊಡುವವರು ಅಂಗಡಿ ತೆರೆಯುವ ಲೆಕ್ಕದಲ್ಲಿ ಕೊಡುತ್ತಾರೆ.

ಹೆಜ್ಜೆ 3: ಕೊಳ್ಳುತ್ತಿರುವುದು ಏನನ್ನು?

ಹಳೆಯ ಸ್ವತಂತ್ರ ಮನೆಯಾದರೆ ಕಟ್ಟಡಕ್ಕೆ ಬೆಲೆಯೇ ಇಲ್ಲವೆಂದು ಭಾವಿಸಿ. ನಲವತ್ತು ವರ್ಷದ ಮನೆಯ ತೇಗದ ಬಾಗಿಲು ಎಷ್ಟೇ ಚೆನ್ನಾಗಿರಲಿ, ನೀವು ಹಣ ಕೊಡುವುದು ನೆಲಕ್ಕೆ. ಮಾರುವವರು ಮಾತ್ರ ಇದನ್ನು ಒಪ್ಪುವುದಿಲ್ಲ. ಪೂಜಾಕೋಣೆಯ ಕೆತ್ತನೆ, ಅಡುಗೆಮನೆಯ ಕಡಪ ಕಲ್ಲು, ತಾವೇ ನಿಂತು ಸಿಮೆಂಟು ಕಲೆಸಿಸಿದ ಕಥೆ ಎಲ್ಲವನ್ನೂ ಹೇಳುತ್ತಾರೆ. ಕೇಳಿಸಿಕೊಳ್ಳಿ. ಅದನ್ನು ಕೇಳದೆ "ಒಡೆಯುವುದು ತಾನೇ" ಎಂದವರು ಕೈಗೆ ಬಂದ ವ್ಯವಹಾರ ಕಳೆದುಕೊಂಡದ್ದುಂಟು.

ಫ್ಲ್ಯಾಟ್ ವಿಷಯದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಜಯನಗರದ ಫ್ಲ್ಯಾಟುಗಳಲ್ಲಿ ಬಹಳಷ್ಟು 60x40 ಅಥವಾ ಅದಕ್ಕಿಂತ ಸ್ವಲ್ಪ ದೊಡ್ಡ ನಿವೇಶನದಲ್ಲಿ ಎದ್ದ ಸಣ್ಣ ಕಟ್ಟಡಗಳು: ಕೆಳಗೆ ಕಂಬಗಳ ನಡುವೆ ವಾಹನ ನಿಲ್ಲಿಸುವ ಸ್ಟಿಲ್ಟ್ ಪಾರ್ಕಿಂಗ್, ಮೇಲೆ ಮಹಡಿಗೊಂದು ಅಥವಾ ಎರಡು ಮನೆ. ಮನೆ ಕೊಳ್ಳುವವರ ರಕ್ಷಣೆಗೆ ವಸತಿ ಯೋಜನೆಗಳನ್ನು ನಿಯಂತ್ರಿಸುವ ರೇರಾ ಕಾಯ್ದೆ ಪ್ರಕಾರ ಜಮೀನು 500 ಚದರ ಮೀಟರ್ ಮೀರದಿದ್ದರೆ ಅಥವಾ ಮನೆಗಳ ಸಂಖ್ಯೆ 8 ಮೀರದಿದ್ದರೆ ನೋಂದಣಿ ಕಡ್ಡಾಯವಲ್ಲ. 60x40 ಎಂದರೆ 2,400 ಚದರಡಿ, ಸುಮಾರು 223 ಚದರ ಮೀಟರ್. 60x80 ಕೂಡ 446 ಚದರ ಮೀಟರ್ ಅಷ್ಟೇ. ಅಂದರೆ ಊರಿನ ಅತ್ಯಂತ ದುಬಾರಿ ಬಡಾವಣೆಗಳಲ್ಲಿ ಒಂದರಲ್ಲಿ ಕೋಟಿಗಟ್ಟಲೆ ಕೊಟ್ಟು ಕೊಳ್ಳುವ ಫ್ಲ್ಯಾಟಿಗೆ ಎಷ್ಟೋ ಬಾರಿ ರೇರಾ ನೋಂದಣಿಯ ರಕ್ಷಣೆಯೇ ಇರುವುದಿಲ್ಲ. ಹೊರವಲಯದ ದೊಡ್ಡ ಯೋಜನೆಯಲ್ಲಿ ಜಾಲತಾಣದಲ್ಲೇ ಸಿಗುವ ಮಾಹಿತಿಯನ್ನು ಇಲ್ಲಿ ನೀವೇ ಕಲೆಹಾಕಬೇಕು.

ಮೊದಲು ಕೇಳಬೇಕಾದದ್ದು ನೆಲದ ಅವಿಭಜಿತ ಪಾಲು. 2,400 ಚದರಡಿ ನಿವೇಶನದಲ್ಲಿ ಸಮಾನವಾದ ನಾಲ್ಕು ಮನೆಗಳಿದ್ದರೆ ನಿಮ್ಮ ಪಾಲು 600 ಚದರಡಿ. ಎಂಟು ಮನೆಗಳಾದರೆ 300. ಕಟ್ಟಡ ಹಳೆಯದಾದಂತೆ ಬೆಲೆ ಉಳಿಸಿಕೊಳ್ಳುವುದು ಈ ಪಾಲು ಮಾತ್ರ. ಕ್ರಯಪತ್ರದಲ್ಲಿ ಅದನ್ನು ಶೇಕಡಾವಾರು ಹೇಳಿ ಬಿಡದೆ ಚದರಡಿಯಲ್ಲೂ ಬರೆಸಿ.

ಎರಡನೆಯದು ನಕ್ಷೆ. ರಸ್ತೆಯ ಅಗಲ ಮತ್ತು ನಿವೇಶನದ ಅಳತೆ ನೋಡಿ ಎಷ್ಟು ಕಟ್ಟಬಹುದೆಂಬ ಮಿತಿ ಇರುತ್ತದೆ. ನಿವೇಶನದ ಅಳತೆಯ 1.75 ಪಟ್ಟು ಕಟ್ಟಬಹುದು ಎಂದಿಟ್ಟುಕೊಳ್ಳಿ: 2,400 ಚದರಡಿಗೆ 4,200 ಚದರಡಿ ಕಟ್ಟಬಹುದು, ನಾಲ್ಕು ಮನೆಗಳಿಗೆ ಹಂಚಿದರೆ ತಲಾ 1,050. ಬಿಲ್ಡರ್ ಮಾತ್ರ ಪ್ರತಿ ಮನೆಯೂ 1,700 ಎನ್ನುತ್ತಾನೆ. ಮೆಟ್ಟಿಲು, ಲಿಫ್ಟ್, ಸಾಮಾನ್ಯ ಜಾಗವನ್ನು ಹಂಚಿ ಸೇರಿಸಿದರೂ ಅಷ್ಟು ಅಂತರ ತುಂಬುವುದಿಲ್ಲ. ಹಾಗಾದರೆ ಸುತ್ತ ಬಿಡಬೇಕಾದ ಜಾಗ ನುಂಗಿದ್ದಾರೆ, ಇಲ್ಲವೇ ಮಂಜೂರಾಗದ ಮಹಡಿ ಎಬ್ಬಿಸಿದ್ದಾರೆ. ಮಂಜೂರಾದ ನಕ್ಷೆಯ ಪ್ರತಿ ಹಿಡಿದು ಟೇಪಿನಿಂದ ಅಳೆಯಿರಿ. ಕಿಟಕಿಯಿಂದ ಕೈ ಚಾಚಿದರೆ ಪಕ್ಕದ ಮನೆಯ ಬಟ್ಟೆ ಹಗ್ಗ ಸಿಗುವಂತಿದ್ದರೆ ಟೇಪೂ ಬೇಡ.

"ಅಕ್ರಮ-ಸಕ್ರಮದಲ್ಲಿ ಸರಿಹೋಗುತ್ತದೆ ಬಿಡಿ" ಎಂಬ ಸಮಾಧಾನ ನಂಬಬೇಡಿ. ನಕ್ಷೆ ಮೀರಿ ಕಟ್ಟಿದ್ದನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ಕೊಟ್ಟಿತು. ಅದೇ ನ್ಯಾಯಾಲಯ 2024ರ ಡಿಸೆಂಬರ್‌ನಲ್ಲಿ, ನಕ್ಷೆಯಂತೆ ಕಟ್ಟಿದೆ, ವಾಸಿಸಬಹುದು ಎಂದು ಕೊಡುವ ಸ್ವಾಧೀನಾನುಭವ ಪತ್ರ ನೋಡಿಯೇ ವಿದ್ಯುತ್, ನೀರಿನ ಸಂಪರ್ಕ ಮತ್ತು ಬ್ಯಾಂಕ್ ಸಾಲ ಕೊಡಬೇಕೆಂದು ಹೇಳಿದೆ. ಹೊಸ ಕಟ್ಟಡವಾದರೆ ಈ ಪತ್ರವಿಲ್ಲದೆ ಮುಂಗಡ ಕೊಡುವುದು ಬೇಡವೇ ಬೇಡ.

ಸಣ್ಣ ಕಟ್ಟಡದ ಇನ್ನೊಂದು ಸಂಗತಿಯನ್ನು ಕೊಂಡ ಮೇಲೆಯೇ ಜನ ಅರಿಯುತ್ತಾರೆ. ನಾಲ್ಕು ಮನೆಗಳ ಸಂಘದಲ್ಲಿ ಲಿಫ್ಟ್ ಕೆಟ್ಟರೆ ಖರ್ಚು ನಾಲ್ಕರಲ್ಲಿ ಹಂಚಿಕೆ. ಒಬ್ಬರು ವಿದೇಶದಲ್ಲಿದ್ದು ಫೋನ್ ಎತ್ತುವುದಿಲ್ಲ, ಮೊದಲ ಮಹಡಿಯಲ್ಲಿರುವವರು "ನಮಗೆ ಲಿಫ್ಟ್ ಏಕೆ?" ಎನ್ನುತ್ತಾರೆ. ಉಳಿದವರು ಇಬ್ಬರು. ಸಂಘ ಇದೆಯೇ, ನಿರ್ವಹಣಾ ನಿಧಿಯಲ್ಲಿ ಹಣ ಎಷ್ಟಿದೆ, ಕೊನೆಯ ಬಾರಿ ಕಟ್ಟಡಕ್ಕೆ ಬಣ್ಣ ಬಳಿದದ್ದು ಯಾವಾಗ ಎಂದು ಈಗಿರುವ ನಿವಾಸಿಯೊಬ್ಬರನ್ನು, ಮಾರುವವರ ಎದುರಿನಲ್ಲಲ್ಲ, ಬೇರೆಯಾಗಿ ಕೇಳಿ.

ಹೆಜ್ಜೆ 4: ಹಣದ ಲೆಕ್ಕ ಮೊದಲೇ ಹಾಕಿ

ಲೆಕ್ಕಕ್ಕೆ ಅನುಕೂಲವಾಗಲೆಂದು ಚದರಡಿಗೆ 25,000 ರೂಪಾಯಿ ಎಂದಿಟ್ಟುಕೊಳ್ಳೋಣ. ನಿಜವಾದ ದರ ಬೀದಿ, ದಿಕ್ಕು, ರಸ್ತೆಯ ಅಗಲ ನೋಡಿ ಬಹಳ ವ್ಯತ್ಯಾಸವಾಗುತ್ತದೆ. 2,400 ಚದರಡಿ ನಿವೇಶನ 6 ಕೋಟಿ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಉಪಕರ, ಸರ್‌ಚಾರ್ಜ್ ಸೇರಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಲ್ಲಿ ಶೇ. 1ರಿಂದ ಶೇ. 2ಕ್ಕೆ ಏರಿದೆ. ಒಟ್ಟು ಶೇ. 7.6, ಅಂದರೆ 45 ಲಕ್ಷ 60 ಸಾವಿರ. ಸಾಲ ಎಷ್ಟು ಸಿಗುತ್ತದೆ? ರಿಸರ್ವ್ ಬ್ಯಾಂಕ್ ನಿಯಮದಂತೆ 75 ಲಕ್ಷ ಮೀರಿದ ಗೃಹಸಾಲಕ್ಕೆ ಆಸ್ತಿಮೌಲ್ಯದ ಶೇ. 75ರ ಮಿತಿ, ಮುದ್ರಾಂಕ, ನೋಂದಣಿ ವೆಚ್ಚ ಅದರಲ್ಲಿ ಸೇರುವುದಿಲ್ಲ. ಹಾಗಾದರೆ ಕೈಯಿಂದ ಹಾಕಬೇಕಾದದ್ದು ಒಂದೂವರೆ ಕೋಟಿಗೆ ಮೇಲೆ ನಲವತ್ತೈದು ಲಕ್ಷ, ವಕೀಲರ ಶುಲ್ಕ, ದಲ್ಲಾಳಿ ಕಮಿಷನ್ ಬೇರೆ. ಬ್ಯಾಂಕಿನ ಮೌಲ್ಯಮಾಪಕರು ಹಳೆಯ ಮನೆಗೆ ನಿಮ್ಮಷ್ಟು ಬೆಲೆ ಕಟ್ಟದಿದ್ದರೆ ಅಂತರ ಇನ್ನೂ ಹಿಗ್ಗುತ್ತದೆ.

ನೋಂದಣಿಗೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ಬೆಲೆ, ಅಂದರೆ ಮಾರ್ಗಸೂಚಿ ದರ, ಮಾರುಕಟ್ಟೆ ಬೆಲೆಗಿಂತ ಕಡಿಮೆ ಇರುವ ಬೀದಿಗಳಲ್ಲಿ "ಇಷ್ಟು ಚೆಕ್, ಇಷ್ಟು ನಗದು" ಎಂಬ ಮಾತು ಬಂದೇ ಬರುತ್ತದೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆದವರಿಗೆ ಆದಾಯ ತೆರಿಗೆ ಕಾನೂನಿನಲ್ಲಿ ಅಷ್ಟೇ ಮೊತ್ತದ ದಂಡವಿದೆ. ಕೊಳ್ಳುವವರಿಗೂ ನಷ್ಟವೇ: ಕಾಗದದಲ್ಲಿ ಬೆಲೆ ಕಡಿಮೆ ತೋರಿಸಿದರೆ ಸಾಲ ಕಡಿಮೆ ಸಿಗುತ್ತದೆ, ಮುಂದೆ ಮಾರುವಾಗ ತೆರಿಗೆ ಬೀಳುವ ಬಂಡವಾಳ ಲಾಭ ಹೆಚ್ಚಾಗಿ ಕಾಣುತ್ತದೆ. ಮೊದಲ ಭೇಟಿಯಲ್ಲೇ "ಪೂರ್ತಿ ಬ್ಯಾಂಕ್ ಮೂಲಕ" ಎಂದು ಹೇಳಿಬಿಡಿ. ವಿದೇಶದಲ್ಲಿ ಮಕ್ಕಳಿರುವ ಮನೆಗಳಲ್ಲಿ ಅದನ್ನೇ ಬಯಸುವವರು ಹೆಚ್ಚು.

ಹೂಡಿಕೆಗೆಂದು ಬರುವವರಿಗೆ ಒಂದೇ ಮಾತು. ಆರು ಕೋಟಿಯ ಆಸ್ತಿಯಿಂದ ಬರುವ ಬಾಡಿಗೆ ಬ್ಯಾಂಕಿನ ಠೇವಣಿ ಬಡ್ಡಿಗೆ ಹತ್ತಿರವೂ ಬರುವುದಿಲ್ಲ.

ಹೆಜ್ಜೆ 5: ಕಾಗದಪತ್ರ, ಅಂದರೆ ವಂಶವೃಕ್ಷ

ಇದು ಇಡೀ ಕೆಲಸದ ಹೃದಯಭಾಗ. ಜಯನಗರದ ಮೂಲಪತ್ರಗಳು ಒಂದು ಲೆಕ್ಕದಲ್ಲಿ ಸುಲಭ: ಕೃಷಿಭೂಮಿ, ಪರಿವರ್ತನೆ, ಸರ್ವೆ ನಂಬರಿನ ಗೋಜಲು ಕಡಿಮೆ. ಟ್ರಸ್ಟ್ ಬೋರ್ಡ್ ಅಥವಾ ಪ್ರಾಧಿಕಾರದ ಹಂಚಿಕೆ ಪತ್ರ, ಸ್ವಾಧೀನ ಪತ್ರ, ಗುತ್ತಿಗೆ-ಕ್ರಯ ಕರಾರು, ಕೊನೆಗೆ ಪೂರ್ತಿ ಮಾಲೀಕತ್ವ ಕೊಡುವ ಶುದ್ಧ ಕ್ರಯಪತ್ರ. ಈ ಸರಪಣಿಯ ಕೊನೆಯ ಕೊಂಡಿ, ಅಂದರೆ ಶುದ್ಧ ಕ್ರಯಪತ್ರ, ಆಗಿದೆಯೇ ನೋಡಿ. ಅಪ್ಪ ಹಣ ಕಟ್ಟಿ ಅದನ್ನು ಮಾಡಿಸಿಕೊಳ್ಳದೆ ಹೋದ ಪ್ರಕರಣಗಳು ಈಗಲೂ ಎದುರಾಗುತ್ತವೆ.

ಕಷ್ಟ ಶುರುವಾಗುವುದು ಅದಾದ ಮೇಲೆ. ತಂದೆ ಸ್ವಂತ ದುಡಿಮೆಯಿಂದ ಕೊಂಡ ನಿವೇಶನ, ವಿಲ್ ಬರೆಯದೆ ತೀರಿಕೊಂಡರು ಎಂದುಕೊಳ್ಳಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತೀರಿಕೊಂಡವರ ತಾಯಿ, ಎಲ್ಲರಿಗೂ ಸಮಪಾಲು. ಈಗ ಮಾರಲು ಬಂದಿರುವವರು "ನಾನು, ನಮ್ಮಣ್ಣ ಇಬ್ಬರೇ" ಎನ್ನುತ್ತಾರೆ. ವಂಶವೃಕ್ಷ ಬರೆಸಿದರೆ ಚಿತ್ರ ಬೇರೆ: ತಾಯಿ ಇದ್ದಾರೆ, 1980ರಲ್ಲಿ ಮದುವೆಯಾಗಿ ಶಿವಮೊಗ್ಗಕ್ಕೆ ಹೋದ ಅಕ್ಕ ಇದ್ದಾರೆ, ತೀರಿಕೊಂಡ ತಮ್ಮನ ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದಾರೆ. "ಅಕ್ಕನಿಗೆ ಮದುವೆಯಲ್ಲೇ ಕೊಟ್ಟಾಗಿದೆ" ಎಂಬುದು ಮನೆಯ ಮಾತು, ಕಾನೂನಿನ ಮಾತಲ್ಲ. ಅಕ್ಕ ಹಕ್ಕು ಬಿಡುಗಡೆ ಪತ್ರವನ್ನು ನೋಂದಾಯಿಸಿ ಕೊಟ್ಟಿರಬೇಕು, ಇಲ್ಲವೇ ಕ್ರಯಪತ್ರಕ್ಕೆ ಸಹಿ ಹಾಕಬೇಕು. ತಮ್ಮನ ಮಕ್ಕಳಲ್ಲಿ ಒಬ್ಬರು ಅಪ್ರಾಪ್ತರಾದರೆ ಅವರ ಪಾಲು ಮಾರಲು ನ್ಯಾಯಾಲಯದ ಅನುಮತಿ ಬೇಕು; ತಾಯಿಯ ಸಹಿಯೊಂದೇ ಸಾಲದು. ಇಬ್ಬರು ಎಂದುಕೊಂಡದ್ದು ಏಳು ಜನರಾಯಿತು. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಪಾಲಿನ ನಿಯಮಗಳೇ ಬೇರೆ. ವಕೀಲರಿಂದ ಪ್ರತ್ಯೇಕವಾಗಿ ಕೇಳಿಕೊಳ್ಳಿ.

ವಿಲ್ ಇದ್ದರೆ ನೆಮ್ಮದಿ, ಆದರೆ ಪೂರ್ತಿ ಅಲ್ಲ. ಒಬ್ಬ ಮಗನಿಗೇ ಎಲ್ಲವನ್ನೂ ಬರೆದ ವಿಲ್‌ಗಳೇ ನ್ಯಾಯಾಲಯದ ಮೆಟ್ಟಿಲು ಹತ್ತುವುದು ಹೆಚ್ಚು. ಉಳಿದ ವಾರಸುದಾರರನ್ನು ಒಪ್ಪಿಗೆ ಸಾಕ್ಷಿಗಳಾಗಿ ಸಹಿ ಹಾಕಿಸಿಕೊಳ್ಳಿ. ಅವರು ಹಿಂಜರಿದರೆ ಆ ಹಿಂಜರಿಕೆಯೇ ನಿಮಗೆ ಉತ್ತರ.

ವಿದೇಶದಲ್ಲಿರುವ ಮಗಳು ಬರಲಾಗದೆ ಅಧಿಕಾರ ಪತ್ರ ಕಳುಹಿಸಬಹುದು. ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಣವಾಗಿ, ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿರಬೇಕು. ಸಹಿಯ ದಿನ ಅವರು ಬದುಕಿದ್ದು, ಪತ್ರವನ್ನು ರದ್ದುಮಾಡಿಲ್ಲ ಎಂಬುದನ್ನು ವೀಡಿಯೊ ಕರೆ ಮಾಡಿ ಮಾತನಾಡಿಯೇ ಖಚಿತಪಡಿಸಿಕೊಳ್ಳಿ. ಬರೀ ಜಿ.ಪಿ.ಎ. (ಸಾಮಾನ್ಯ ಅಧಿಕಾರ ಪತ್ರ) ಆಧಾರದ ಮೇಲೆ "ಕೊಂಡ" ಆಸ್ತಿಯನ್ನು ಯಾರಾದರೂ ನಿಮಗೆ ಮಾರಲು ಬಂದರೆ ಎದ್ದು ಬನ್ನಿ. ಅಂಥ ಪತ್ರದಿಂದ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಉಳಿದ ಕಾಗದಗಳು ಬೇಗ ಮುಗಿಯುತ್ತವೆ. ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ 2004ರ ಏಪ್ರಿಲ್‌ನಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ; ಅದಕ್ಕೂ ಹಿಂದಿನದನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಹಾಕಿ ತೆಗೆಸಬೇಕು, ಹಂಚಿಕೆಯಾದ ವರ್ಷದಿಂದಲೇ ತೆಗೆಸಿ. ಇ-ಖಾತಾ, ಅಂದರೆ ಪಾಲಿಕೆಯ ಆಸ್ತಿ ದಾಖಲೆಯ ಡಿಜಿಟಲ್ ರೂಪ, 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ನೋಂದಣಿಗೆ ಕಡ್ಡಾಯ. ಖಾತೆ ಇನ್ನೂ ತೀರಿಕೊಂಡ ತಂದೆಯ ಹೆಸರಿನಲ್ಲೇ ಇದ್ದರೆ ಅದನ್ನು ವಾರಸುದಾರರ ಹೆಸರಿಗೆ ಮಾಡಿಸುವ ಹೊಣೆ ಮಾರುವವರದು. ಅದಕ್ಕೆ ತಗಲುವ ಸಮಯವನ್ನು ಕರಾರಿನಲ್ಲೇ ಸೇರಿಸಿ. ಮೂಲ ಪತ್ರಗಳನ್ನು ಕಣ್ಣಾರೆ ನೋಡಿ. ಜೆರಾಕ್ಸ್ ತೋರಿಸಿ "ಲಾಕರಿನಲ್ಲಿದೆ" ಎಂದರೆ ಲಾಕರ್ ತೆರೆಯುವ ದಿನ ಬನ್ನಿ ಎಂದು ಹೇಳಿ. ಚಕ್ಕುಬಂದಿಯನ್ನು ಹಳೆಯ ಪತ್ರದೊಂದಿಗೆ ಹೋಲಿಸಿ, ಖಾಸಗಿ ಸರ್ವೇಯರ್‌ರಿಂದ ಅಳೆಸಿ. ಕಾಗದದ 60 ಅಡಿ ನೆಲದ ಮೇಲೆ 58 ಆಗಿರುವುದೂ, ಆ ಎರಡು ಅಡಿ ಪಕ್ಕದವರ ಸ್ನಾನದ ಮನೆಯೊಳಗೆ ಇರುವುದೂ ಉಂಟು. ಒಂದು ಕನ್ನಡ, ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ವಕೀಲರ ಮೂಲಕ ಸಾರ್ವಜನಿಕ ಪ್ರಕಟಣೆ ಕೊಡಿಸಿ. ಮಾರುವವರಿಗೆ ಇದು ಅವಮಾನವೆನಿಸಬಹುದು. "ಬ್ಯಾಂಕ್ ಕೇಳುತ್ತಿದೆ" ಎಂದರೆ ಸಾಕು.

ಹೆಜ್ಜೆ 6: ಕರಾರು ಮತ್ತು ನೋಂದಣಿ

ಮಾತು ಮುಗಿದ ಮೇಲೆ ಕರಾರು ಪತ್ರದಲ್ಲಿ ಮೂರು ಸಂಗತಿಗಳು ಸ್ಪಷ್ಟವಾಗಿರಲಿ: ಬಾಡಿಗೆದಾರರನ್ನು ಯಾರು, ಯಾವಾಗ ಬಿಡಿಸುತ್ತಾರೆ, ಕಾಗದದಲ್ಲಿ ದೋಷ ಕಂಡರೆ ಮುಂಗಡ ಎಷ್ಟು ದಿನದಲ್ಲಿ ವಾಪಸು, ಮಾರುವವರು ಎಂದು ಮನೆ ಖಾಲಿ ಮಾಡುತ್ತಾರೆ. ಮೇಲಿನ ಮಹಡಿಯಲ್ಲಿ ಭೋಗ್ಯಕ್ಕೆ ಇರುವವರಿದ್ದರೆ ಅವರ ಭೋಗ್ಯದ ಹಣವನ್ನು ನಿಮ್ಮ ಪಾವತಿಯಿಂದ ನೇರವಾಗಿ ಅವರಿಗೇ ಕೊಟ್ಟು, ಮನೆ ಬಿಟ್ಟ ರಸೀದಿ ಪಡೆಯುವುದು ಸುರಕ್ಷಿತ. ಹಂತ ಹಂತವಾಗಿ ಹಣ ಕೊಡುವುದಾದರೆ ಕರಾರನ್ನು ನೋಂದಾಯಿಸಿ. ಆಗ ಅದು ಋಣಭಾರ ಪತ್ರದಲ್ಲಿ ಕಾಣಿಸುತ್ತದೆ, ಇನ್ನೊಬ್ಬರಿಗೆ ಮಾರುವ ಆಸೆಗೆ ಕಡಿವಾಣ ಬೀಳುತ್ತದೆ.

ಮಾರುವವರ ತೆರಿಗೆ ಚಿಂತೆಯನ್ನು ಅರ್ಥಮಾಡಿಕೊಂಡರೆ ಚೌಕಾಸಿ ಸುಲಭ. ಬಂಡವಾಳ ಲಾಭದ ತೆರಿಗೆ ಉಳಿಸಲು ಅವರು ಮಾರಿದ ಎರಡು ವರ್ಷದೊಳಗೆ ಬೇರೆ ಮನೆ ಕೊಳ್ಳಬೇಕು, ಅಥವಾ ಮೂರು ವರ್ಷದೊಳಗೆ ಕಟ್ಟಬೇಕು. ಹಾಗೆ ಮನೆ ಹುಡುಕುತ್ತಿರುವವರಿಗೆ "ನೋಂದಣಿ ಆದ ಮೇಲೂ ನಾಲ್ಕು ತಿಂಗಳು ಇಲ್ಲೇ ಇರಿ" ಎಂದು ಬರವಣಿಗೆಯಲ್ಲಿ, ಸ್ವಲ್ಪ ಹಣ ತಡೆಹಿಡಿದು ಹೇಳಿ ನೋಡಿ. ಬೆಲೆಯಲ್ಲಿ ಜಗ್ಗದವರು ಅಲ್ಲಿ ಜಗ್ಗುತ್ತಾರೆ.

ಬೆಲೆ 50 ಲಕ್ಷ ಮುಟ್ಟಿದರೆ ಅಥವಾ ಮೀರಿದರೆ ಕೊಳ್ಳುವವರು ಶೇ. 1 ತೆರಿಗೆ ಕಡಿತ ಮಾಡಿ ಸರ್ಕಾರಕ್ಕೆ ಕಟ್ಟಬೇಕು. ಮಾರುವವರು ನಾಲ್ವರಾದರೆ ಪ್ರತಿಯೊಬ್ಬರ ಹೆಸರಿಗೂ ಪ್ರತ್ಯೇಕ ಅರ್ಜಿ. ಅವರಲ್ಲೊಬ್ಬರು ಅನಿವಾಸಿ ಭಾರತೀಯರಾದರೆ ಅವರ ಪಾಲಿಗೆ ಶೇ. 1ರ ನಿಯಮ ಅನ್ವಯಿಸುವುದಿಲ್ಲ, ಕಡಿತ ಅದರ ಹಲವು ಪಟ್ಟು. ಕಡಿಮೆ ದರದ ಪ್ರಮಾಣಪತ್ರವನ್ನು ಅವರು ಆದಾಯ ತೆರಿಗೆ ಇಲಾಖೆಯಿಂದ ಮೊದಲೇ ತರಬಹುದು. ಅದು ಬರಲು ವಾರಗಳು ಹಿಡಿಯುವುದರಿಂದ ಕರಾರಿನ ದಿನವೇ ನೆನಪಿಸಿ. ಇದನ್ನು ಮರೆತು ಶೇ. 1 ಹಿಡಿದುಕೊಂಡರೆ ಬಾಕಿ ತೆರಿಗೆ, ಬಡ್ಡಿ ಎಲ್ಲವೂ ಬೀಳುವುದು ಕೊಂಡವರ ಕೊರಳಿಗೆ.

ನೋಂದಣಿಗೆ ಕಾವೇರಿಯಲ್ಲಿ ಕರಡು ಹಾಕಿ, ಪರಿಶೀಲನೆಯಾದ ಮೇಲೆ ಶುಲ್ಕ ಕಟ್ಟಿ, ಸಮಯ ಕಾಯ್ದಿರಿಸಿ. ವಯಸ್ಸಾದವರು ಸಹಿಗೆ ಬರುವುದಿದ್ದರೆ ಬೆಳಗಿನ ಮೊದಲ ಸಮಯ ಹಿಡಿಯಿರಿ. ಅವರ ಹೆಬ್ಬೆರಳ ಗುರುತು ಯಂತ್ರದಲ್ಲಿ ಮೂಡಲು ನಾಲ್ಕಾರು ಬಾರಿ ಪ್ರಯತ್ನ ಬೇಕಾಗುತ್ತದೆ.

ಬಾಡಿಗೆಗೆ ಬರುವವರಿಗೆ

ಹನ್ನೊಂದು ತಿಂಗಳ ಕರಾರು, ಹಲವು ತಿಂಗಳ ಬಾಡಿಗೆಯಷ್ಟು ಮುಂಗಡ, ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಕಡಿತ: ಇದು ಊರಿನ ರೂಢಿ. ಮುಂಗಡವನ್ನು ಕೇಳಿ ತಗ್ಗಿಸಬಹುದು, ಬಣ್ಣದ ಕಡಿತವನ್ನು ತಗ್ಗಿಸುವುದು ಕಷ್ಟ. ಮಾಲೀಕರು ಕೆಳಗೇ ವಾಸವಿದ್ದರೆ ಗೇಟು ಹಾಕುವ ಸಮಯ, ಅತಿಥಿಗಳು, ಅಡುಗೆಯಲ್ಲಿ ಮಾಂಸ ಮೀನು ಬಳಸುವ ವಿಚಾರಗಳಲ್ಲಿ ಅಭಿಪ್ರಾಯವಿರುತ್ತದೆ. ಊಟದ ಲೆಕ್ಕದಲ್ಲಿ ಬಾಡಿಗೆದಾರರನ್ನು ಸೋಸುವುದು ನನಗೆ ಸರಿಕಾಣುವುದಿಲ್ಲ. ಆದರೂ ಫೋನಿನಲ್ಲೇ ಕೇಳಿ ತಿಳಿದುಕೊಂಡರೆ ಒಂದು ಭಾನುವಾರ ಉಳಿಯುತ್ತದೆ. ಮಾಲೀಕರ ಮಕ್ಕಳು ವಿದೇಶದಲ್ಲಿದ್ದರೆ ಬಾಡಿಗೆದಾರರೇ ಅರ್ಧ ಮನೆಮಂದಿಯಾಗಿಬಿಡುವುದೂ ಇದೆ. ರಾತ್ರಿ ಹೊತ್ತು ಆಸ್ಪತ್ರೆಗೆ ಕರೆದೊಯ್ಯುವ ಹೊಣೆ ಬೀಳುತ್ತದೆ, ಬಾಡಿಗೆ ವರ್ಷವರ್ಷ ಏರದೆ ನಿಲ್ಲುತ್ತದೆ.

ಕೊಂಡ ಮೇಲೆ

ಖಾತೆ ವರ್ಗಾವಣೆ, ಬೆಸ್ಕಾಂ ಮತ್ತು ಜಲಮಂಡಳಿಯ ಹೆಸರು ಬದಲಾವಣೆಯನ್ನು ಮೊದಲ ತಿಂಗಳಲ್ಲೇ ಮುಗಿಸಿ. ಕಾವೇರಿ ನೀರಿನ ಹಳೆಯ ಸಂಪರ್ಕವಿರುವುದು ಈ ಬಡಾವಣೆಯ ದೊಡ್ಡ ಭಾಗ್ಯ. 2024ರ ಬೇಸಿಗೆಯಲ್ಲಿ ಹೊರವಲಯದವರು ಟ್ಯಾಂಕರ್‌ಗೆ ಸಾಲು ನಿಂತಾಗ ಅದರ ಬೆಲೆ ಎಲ್ಲರಿಗೂ ತಿಳಿಯಿತು. ಹಾಗೆಂದು ಸಂಪು ಚಿಕ್ಕದಿದ್ದರೆ ಕಷ್ಟವೇ. ನೀರು ದಿನವಿಡೀ ಬರುವುದಿಲ್ಲ. 60x40 ಹಾಗೂ ಅದಕ್ಕಿಂತ ದೊಡ್ಡ ನಿವೇಶನದ ಹಳೆಯ ಮನೆಗಳಿಗೂ ಮಳೆನೀರು ಸಂಗ್ರಹ ಕಡ್ಡಾಯ. ಹಿಂದಿನವರು ಮಾಡಿಸಿರದಿದ್ದರೆ ನೀರಿನ ಬಿಲ್ಲಿನಲ್ಲಿ ದಂಡ ಸೇರಿ ಬರುತ್ತಿರುತ್ತದೆ. ಹಳೆಯ ಬಿಲ್ಲೊಂದನ್ನು ಕೇಳಿ ನೋಡಿದರೆ ಗೊತ್ತಾಗುತ್ತದೆ.

ಹಳೆಯ ಮನೆ ಒಡೆದು ಕಟ್ಟುವವರು ಕೆಲಸ ಶುರುವಾಗುವ ಮೊದಲೇ ಎರಡು ಕಡೆಯ ಪಕ್ಕದ ಮನೆಗಳ ಗೋಡೆಗಳ ಫೋಟೊ ತೆಗೆದು, ದಿನಾಂಕ ಹಾಕಿ, ಅವರಿಗೂ ಒಂದು ಪ್ರತಿ ಕೊಡಿ. ತಳಪಾಯ ತೋಡಿದ ವಾರವೇ "ಬಿರುಕು ಬಂತು" ಎಂಬ ದೂರು ಬರುತ್ತದೆ. ಅದು ಹಳೆಯದೋ ಹೊಸದೋ ಎಂಬುದಕ್ಕೆ ಆ ಫೋಟೊ ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ಗೇಟಿನೆದುರಿನ ಮರ ಕಾರಿಗೆ ಅಡ್ಡವೆಂದು ಕಡಿಸುವ ಹಾಗಿಲ್ಲ. 1976ರ ಮರ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಅನುಮತಿಯಿಲ್ಲದೆ ಕೊಂಬೆಗೆ ಕೈಹಾಕಿದರೆ ಎದುರು ಮನೆಯ ನಿವೃತ್ತ ಇಂಜಿನಿಯರ್ ದೂರು ಬರೆದು ಮುಗಿಸುವುದರೊಳಗೆ ಗರಗಸದವನು ಮರ ಇಳಿದಿರುವುದಿಲ್ಲ.